ದುಂಡವ್ವಕ್ಕನ ಸಾಬುದಾಣಿ ಗಂಜಿ

ಗಂಜಿ ಹಾಕಿದ ಬಟ್ಟೆಯನ್ನು ನಾನು ನಂಬುವುದಿಲ್ಲ. ನಮ್ಮಪ್ಪ ಅಪ್ಪಣ್ಣ ಇಚಲಕರಂಜಿಯಲ್ಲಿ ಸೈಜಿಂಗ್ ಕಾರ್ಖಾನೆಯ ಕೆಲಸಕ್ಕಿದ್ದ. ಮಗ್ಗಕ್ಕೆ ಏರುವ ಮೊದಲು ನೂಲನ್ನು ಗಂಜಿಯಲ್ಲಿ ಅದ್ದಿ ಒಣಗಿಸುವ ಜಾಗ ಅದು. ಹಾಗೆ ಮಾಡದಿದ್ದರೆ ನೇಯುವಾಗ ಎಳೆಗಳು ಹರಿಯುತ್ತವೆ. ಅಪ್ಪ ಮನೆಗೆ ಬಂದರೆ ಅವನಿಗಿಂತ ಮೊದಲು ಹುಳಿ ವಾಸನೆ ಒಳಗೆ ಬರುತ್ತಿತ್ತು. ಅವನು ನನಗೆ ಕಲಿಸಿದ್ದು ಒಂದೇ ವಿದ್ಯೆ: ಬಟ್ಟೆಯ ತುದಿಯನ್ನು ಎರಡು ಉಗುರುಗಳ ನಡುವೆ ತಿಕ್ಕಿ ನೋಡು, ಬಿಳಿ ಪುಡಿ ಉದುರಿದರೆ ಆ ಅಂಗಡಿಯ ಮೆಟ್ಟಿಲು ಇಳಿದು ಬಾ. ಜಾಳು ಬಟ್ಟೆಗೆ ಗಂಜಿ ಕುಡಿಸಿ, ಗಟ್ಟಿ ಮಾಲು ಅಂತ ಮಾರುವವರ ಕಥೆಗಳನ್ನು ಕೇಳುತ್ತಲೇ ನಾನು ದೊಡ್ಡವಳಾದೆ.

ಇದೇ ಉಗುರಿನ ವಿದ್ಯೆಯನ್ನು ಮನುಷ್ಯರ ಮೇಲೂ ನಡೆಸುತ್ತೇನೆ. ಹಾಲಿನವನು ನಗುನಗುತ್ತ ಮಾತಾಡಿಸಿದನೆಂದರೆ ಅವತ್ತು ಹಾಲನ್ನು ಇನ್ನೊಮ್ಮೆ ನೋಡುತ್ತೇನೆ. ನನ್ನ ಗಂಡ ನನ್ನನ್ನು ಫೌಜದಾರ ಅಂತ ಕರೆಯುತ್ತಾನೆ. ಕರೆಯಲಿ ಬಿಡಿ. ನಮ್ಮ ಅಂಗಡಿಗೆ ಇವತ್ತಿನವರೆಗೆ ಖೊಟ್ಟಿ ಮಾಲು ಬಂದಿಲ್ಲ ಅಂದರೆ ಅದು ಈ ಫೌಜದಾರಳ ಪುಣ್ಯ.

ಅಂಗಡಿ ಅಂದರೆ ಇಚಲಕರಂಜಿ ಪೇಟೆಯಲ್ಲಿ ನಮ್ಮದೊಂದು ಸಣ್ಣ ಮ್ಯಾಚಿಂಗ್ ಸೆಂಟರ್. ಹೆಂಗಸರು ಸೀರೆ ತಂದು ತೋರಿಸಿದರೆ ಅದಕ್ಕೆ ಹೊಂದುವ ಜಂಪರಿನ ಬಟ್ಟೆ, ದಾರ, ಫಾಲು, ಸೀರೆಯೊಳಗೆ ಉಡುವ ಪರಕಾರ ತೆಗೆದುಕೊಡುತ್ತೇನೆ. ಬಣ್ಣದ ವಿಷಯದಲ್ಲಿ ನನ್ನನ್ನು ಮೋಸ ಮಾಡುವವರು ಇನ್ನೂ ಹುಟ್ಟಿಲ್ಲ. ಪರಕಾರಗಳನ್ನು ಹೊಲಿದುಕೊಡುವವಳು ಪಕ್ಕದ ಕಬನೂರಿನ ದುಂಡವ್ವ. ನನಗಿಂತ ಹಿರಿಯಳು, ಹಾಗಾಗಿ ನನ್ನ ಬಾಯಲ್ಲಿ ದುಂಡವ್ವಕ್ಕ. ಈ ಕಥೆ ಅವಳದು. ನನ್ನ ಬಾಯಿ ದೊಡ್ಡದು, ಅದಕ್ಕೆ ನಡುನಡುವೆ ನಾನೂ ಬರುತ್ತೇನೆ.

ಅವಳ ತವರು ಗಡಹಿಂಗ್ಲಜ ತಾಲೂಕಿನ ನೂಲ. ಹೊಲದಲ್ಲಿ ಬೆಳೆದ ಹುಡುಗಿಯನ್ನು ಕಬನೂರಿನ ಅಲ್ಲಪ್ಪನಿಗೆ ಕೊಟ್ಟರು. ಮಗ್ಗದ ಖಟಖಟ ಸದ್ದಿಗೆ ಮೊದಲ ತಿಂಗಳು ನಿದ್ದೆಯೇ ಹತ್ತಲಿಲ್ಲವಂತೆ; ಆಮೇಲೆ ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರಾಗುತ್ತಿತ್ತಂತೆ. ಮಗ ಕೇತನ ಇನ್ನೂ ಶಾಲೆಯಲ್ಲಿದ್ದಾಗಲೇ ಅಲ್ಲಪ್ಪ ತೀರಿಕೊಂಡ. ತವರಿನವರು ವಾಪಸ್ಸು ಬಾ ಅಂದರು. ಅವಳು ಒಲ್ಲೆ ಅಂದಳು, ಬದಲಿಗೆ ಒಂದು ಹೊಲಿಗೆ ಮಶಿನ್ ಕೊಡಿಸಿ ಅಂತ ಕೇಳಿದಳು. ಬೀದಿಗೆ ಮುಖ ಮಾಡಿದ ಮುಂದಿನ ಖೋಲಿಯಲ್ಲಿ ಆ ಮಶಿನ್ ಇಟ್ಟು, ಅದರ ಮೇಲೆಯೇ ಮಗನನ್ನು ಬೆಳೆಸಿದಳು. ಟೇಪು ಕೊರಳಲ್ಲಿ ಇರುತ್ತಿತ್ತು, ಶೋಭೆಗೆ. ಬಂದವಳನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳೆಂದರೆ ಮುಗಿಯಿತು, ಜಂಪರು ಮೈಗೆ ಕೂತೇ ಬರುತ್ತಿತ್ತು. ನನ್ನ ಮದುವೆಯ ಜಂಪರು ಹೊಲಿದವಳೂ ಅವಳೇ. ನಾನು ಅಳತೆ ಕೊಡಲು ಕೈ ಎತ್ತಿ ನಿಂತರೆ, ಇಳಿಸು ಇಳಿಸು, ನೋಡೇನಿ ಅಂದಿದ್ದಳು.

ಕೇತನ ಈಗ ಮಗ್ಗದ ಜಾಬರ್. ಕೆಟ್ಟ ಮಗ್ಗ ರಿಪೇರಿ ಮಾಡುವುದರಲ್ಲಿ ಪಳಗಿದ ಕೈ. ಮದುವೆಯಾಗಿದೆ, ಹೆಂಡತಿ ಪ್ರಾಜಕ್ತಾ. ಆ ಮುಂದಿನ ಖೋಲಿಯ ಮೇಲೆ ಯಾರದೋ ಕಣ್ಣು ಬಿದ್ದಿತ್ತು. ಮೊಬೈಲ್ ರಿಪೇರಿ ಅಂಗಡಿ ಇಡುತ್ತೇನೆ, ಬಾಡಿಗೆಗೆ ಕೊಡು ಅಂತ ಕೇತನನನ್ನು ಬೆನ್ನು ಹತ್ತಿದ್ದ. ಅವ್ವನಿಗೆ ಕೆಲಸ ಬರುವವರೆಗೆ ಖೋಲಿ ಅವ್ವನದು ಅಂತ ಕೇತನ ಹೇಳಿ ಕಳಿಸಿದ್ದ. ಇದನ್ನು ದುಂಡವ್ವಕ್ಕನೇ ನನಗೆ ಹೇಳಿದ್ದಳು. ಬೇರೆ ಗಿರಾಕಿಗಳು ರೆಡಿಮೇಡ್ ಕಡೆ ಹೋಗಿಬಿಟ್ಟಿದ್ದರಿಂದ ಅವಳಿಗೆ ಕೆಲಸ ಅಂತ ಉಳಿದದ್ದು ನನ್ನ ಅಂಗಡಿಯದು ಮಾತ್ರ. ನಾನು ನಿಲ್ಲಿಸಿದರೆ ಆ ಖೋಲಿಯಿಂದ ಅವಳ ಮಶಿನ್ ಏಳುತ್ತದೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ರುಪಾಲಿ ಎಂಬ ಗಿರಾಕಿ ಬಂದು, ನನ್ನ ಅಂಗಡಿಯಲ್ಲಿ ಒಯ್ದ ಪರಕಾರವನ್ನು ಕೌಂಟರಿನ ಮೇಲೆ ಎಸೆದಳು. ಅಂಗಡಿಯಲ್ಲಿ ಗೋಡೆಯಷ್ಟು ಗಟ್ಟಿ ಇತ್ತು, ಒಂದು ಸಲ ಒಗೆದರೆ ಕರ್ಚೀಪಾಗಿದೆ, ಖಳ ಹಾಕಿ ಮಾರುವ ಧಂದೆ ಯಾವಾಗಿನಿಂದ ಶುರು ಮಾಡಿದಿರಿ ಅಂತ ಕೇಳಿದಳು. ನಮ್ಮ ಕಡೆ ಗಂಜಿಗೆ ಖಳ ಅಂತಲೂ ಅನ್ನುತ್ತಾರೆ. ಅಂಗಡಿಯಲ್ಲಿ ಬೇರೆ ಹೆಂಗಸರಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಪ್ಪಣ್ಣನ ಮಗಳಿಗೆ ಖಳದ ಮಾತು ಕೇಳುವ ಗತಿ!

ಅವಳು ಹೋದ ಮೇಲೆ ಒಳಗಿನ ಹೊಸ ಪರಕಾರಗಳನ್ನು ಒಂದೊಂದಾಗಿ ಉಗುರಿನಲ್ಲಿ ತಿಕ್ಕಿದೆ. ಎಲ್ಲದರಿಂದಲೂ ಬಿಳಿ ಪುಡಿ ಉದುರಿತು. ಬಟ್ಟೆ ನಾನು ಕೊಟ್ಟದ್ದು. ಒಳ್ಳೆಯ ಪಾಪ್ಲಿನ್, ಕೈಯಾರೆ ಆರಿಸಿದ್ದು. ಅದಕ್ಕೆ ಗಂಜಿ ಹಾಕುವ ಅವಶ್ಯಕತೆ ಯಾರಿಗೂ ಇಲ್ಲ, ಬಟ್ಟೆ ಅದಲುಬದಲು ಮಾಡಿದವರ ಹೊರತು. ನನ್ನ ಪಾಪ್ಲಿನ್ ಬೇರೆಲ್ಲೋ ಹೋಗುತ್ತಿದೆ, ಅದರ ಜಾಗದಲ್ಲಿ ಜಾಳು ಬಟ್ಟೆ ಗಂಜಿ ಕುಡಿದು ನನ್ನ ಅಂಗಡಿಗೆ ಬರುತ್ತಿದೆ ಅಂತ ನಾನು ಲೆಕ್ಕ ಹಾಕಿದೆ.

ಮರುದಿನ ಹೇಳದೆ ಕೇಳದೆ ಕಬನೂರಿಗೆ ಹೋದೆ. ಮಧ್ಯಾಹ್ನದ ಹೊತ್ತು, ಮಗ, ಸೊಸೆ ಇಬ್ಬರೂ ಮನೆಯಲ್ಲಿರಲಿಲ್ಲ. ಸದಾ ಬೀದಿಗೆ ತೆರೆದಿರುತ್ತಿದ್ದ ಖೋಲಿಯ ಬಾಗಿಲು ಅವತ್ತು ಚಿಲಕ ಹಾಕದೆ ಮುಂದೆ ಮಾಡಿತ್ತು. ತಳ್ಳಿದೆ. ದುಂಡವ್ವಕ್ಕ ನೆಲದ ಮೇಲೆ ಕೂತು, ಬಟ್ಟೆ ಮಡಿಸಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರನ್ನು ಎಳೆಯುತ್ತಿದ್ದಳು. ಬಾಗಿಲಿನ ಸದ್ದಿಗೆ ಬೆಚ್ಚಿ ಕೈ ಹಿಂದಕ್ಕೆ ತೆಗೆದು, ಯಾರು ಅಂತ ಕೇಳಿದಳು. ಎದುರಿಗೇ ನಿಂತಿದ್ದೇನೆ, ಯಾರು ಅನ್ನುತ್ತಾಳೆ! ಸಿಕ್ಕಿಬಿದ್ದವರು ಹೀಗೇ ಹೊತ್ತು ಕಳೆಯಲು ನೋಡುವುದು ಅಂದುಕೊಂಡೆ.

ಒಳಗೆ ಅಡುಗೆಯ ಕಟ್ಟೆಯ ಮೇಲೆ ಗಂಜಿ ಆರುತ್ತಿತ್ತು. ಸಾಬುದಾಣಿ ನೆನೆಸಿ ಕುದಿಸಿ, ಹಳೆಯ ಧೋತರದ ತುಂಡಿನಲ್ಲಿ ಸೋಸಿದ್ದು. ಪಕ್ಕದ ಡಬ್ಬಿಯ ತುಂಬ ಸಾಬುದಾಣಿ. ಮನೆಮಂದಿಯೆಲ್ಲ ವಾರಪೂರ್ತಿ ಉಪವಾಸ ಮಾಡಿದರೂ ಅಷ್ಟು ಬೇಕಾಗುವುದಿಲ್ಲ. ಗಂಜಿ ಬೇಕೇ ಬೇಕೆಂದರೆ ಅಂಗಡಿಯ ಸ್ಪ್ರೇ ಇದೆಯಲ್ಲ, ಹಬ್ಬಕ್ಕೆ ನಾನೇ ಒಂದು ಬಾಟಲಿ ಕೊಟ್ಟಿದ್ದೆನಲ್ಲ ಅಂದೆ. ಅದು ಕಪಾಟಿನಲ್ಲಿ ಸೀಲು ಕೂಡ ಒಡೆಯದೆ ಕೂತಿತ್ತು. ಅದು ನೀರಿನಂಥದ್ದು, ತನಗೆ ಹಿಡಿಸುವುದಿಲ್ಲ ಅಂದಳು. ಯಾಕೆ ಗಂಜಿ ಅಂತ ನೇರವಾಗಿ ಕೇಳಿದರೆ, ಹೊಲಿಗೆ ನೆಟ್ಟಗೆ ಬರುತ್ತದೆ ಅಂದಳು. ಇಷ್ಟು ವರ್ಷ ಗಂಜಿಯಿಲ್ಲದೆ ನೆಟ್ಟಗೆ ಬಂದಿತ್ತಲ್ಲ ಅಂದೆ. ಅವಳು ಮಡಿಕೆಯ ಮೇಲೆ ಮತ್ತೆ ಉಗುರು ಎಳೆದಳು.

ನೀರು ಕುಡಿಯುವ ನೆಪದಲ್ಲಿ ಎದ್ದೆ. ಗಡಿಗೆಯ ಹಿಂದೆ ತಂಪಿನಲ್ಲಿ ಒಂದು ಸಣ್ಣ ಬಾಟಲಿ ಅಡಗಿಸಿಟ್ಟಿತ್ತು. ಕೈಗೆತ್ತಿಕೊಳ್ಳುವಷ್ಟರಲ್ಲಿ ದುಂಡವ್ವಕ್ಕ ಎದ್ದು ಬಂದು, ಹೊಟ್ಟೆಯ ಔಷಧ ಅಂತ ಸೆರಗಿನಲ್ಲಿ ಮುಚ್ಚಿಕೊಂಡಳು. ಹೊಟ್ಟೆಯ ಔಷಧ ಬೆರಳಿನಷ್ಟು ಬಾಟಲಿಯಲ್ಲಿ ಬರುವುದನ್ನು ನಾನು ಕಂಡಿಲ್ಲ. ಗಂಜಿಗೆ ಏನೋ ಕೆಮಿಕಲ್ ಬೆರೆಸುತ್ತಾಳೆ ಅಂತ ನನಗೆ ಖಾತ್ರಿಯಾಯಿತು.

ಇನ್ನೊಂದು ಹೊಸದು ಕಣ್ಣಿಗೆ ಬಿತ್ತು. ಮಶಿನ್ನಿನ ಸೂಜಿಯ ಮುಂದೆ ತೆಳ್ಳಗಿನ ಉಕ್ಕಿನ ತಂತಿ ಬಗ್ಗಿಸಿ ಒಂದು ಸಣ್ಣ ಬೇಲಿ ಹಾಕಿದ್ದರು. ಬಟ್ಟೆ ಒಳಗೆ ಹೋಗುತ್ತದೆ, ಬೆರಳು ಹೋಗುವುದಿಲ್ಲ. ಮಗ್ಗದಲ್ಲಿ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಫಣಿಯ ತಂತಿ ಅದು, ನೋಡಿದರೇ ತಿಳಿಯುತ್ತದೆ. ಏನಿದು ಅಂದರೆ, ಪ್ರಾಜಕ್ತಾ ಹೊಲಿಗೆ ಕಲಿಯುತ್ತಾಳಂತೆ, ಅವಳ ಬೆರಳಿಗೆ ಸೂಜಿ ಹೊಡೆಯಬಾರದು ಅಂತ ಕೇತನ ಮಾಡಿಹಾಕಿದ್ದಾನೆ ಅಂದಳು. ಓಹೋ ಅಂದುಕೊಂಡೆ. ಅತ್ತೆ ಸೊಸೆ ಸೇರಿ ಸ್ವಂತ ಧಂದೆ ತೆಗೆಯುವ ತಯಾರಿ ನಡೆದಿದೆ, ನನ್ನ ಪಾಪ್ಲಿನ್ ಅದಕ್ಕೆ ಬಂಡವಾಳ.

ಅಂಗಡಿಗೆ ಬಂದು ರುಪಾಲಿ ಎಸೆದುಹೋದ ಪರಕಾರದ ಅಂಚು ಕತ್ತರಿಸಿದೆ. ಅಂಗಡಿಯಲ್ಲಿದ್ದ ನಮ್ಮ ಪಾಪ್ಲಿನ್ ತಾಕಿನಿಂದಲೂ ಒಂದು ತುಂಡು ಕತ್ತರಿಸಿ, ಎರಡನ್ನೂ ಎಳೆ ನೋಡುವ ಭೂತಗನ್ನಡಿಯ ಕೆಳಗೆ ಅಕ್ಕಪಕ್ಕ ಇಟ್ಟೆ. ಎಳೆಗೆ ಎಳೆ ಕೂಡಿತು. ಅದೇ ನೂಲು, ಅದೇ ನೇಯ್ಗೆ. ಬಟ್ಟೆ ನನ್ನದೇ! ಗಂಜಿಯ ದಪ್ಪ ಹೋಗಿದ್ದಕ್ಕೆ ರುಪಾಲಿಗೆ ಜಾಳಾದಂತೆ ಕಂಡಿತ್ತು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಉಸ್ಸಂತ ಕೂರುತ್ತಿದ್ದರು. ನನಗೆ ಇನ್ನೂ ಸಿಟ್ಟು ಬಂತು. ಕದ್ದಿಲ್ಲ ಅಂದ ಮೇಲೆ ಒಳ್ಳೆಯ ಬಟ್ಟೆಗೆ ಸಾಬುದಾಣಿ ಸುರಿಯುವ ಹುಚ್ಚು ಯಾಕೆ? ಕಳ್ಳತನವಾದರೆ ಅರ್ಥವಾಗುತ್ತದೆ, ಅರ್ಥವಾಗದ್ದನ್ನು ಏನಂತ ಹಿಡಿಯುವುದು?

ಆಗ ನನ್ನ ಗಂಡ ಇನ್ನೊಂದು ಸುದ್ದಿ ಹೇಳಿದ. ದುಂಡವ್ವಕ್ಕ ಆಗಾಗ ಶುಕ್ರವಾರ ಕೊಲ್ಹಾಪುರಕ್ಕೆ ಹೋಗುತ್ತಾಳೆ, ಅಂಬಾಬಾಯಿಯ ದರ್ಶನಕ್ಕೆ ಅಂತ ಹೇಳುತ್ತಾಳೆ. ಇವನು ಮಾಲು ತರಲು ಹೋದಾಗ ಗುಡಿಯ ದಿಕ್ಕಿಗಲ್ಲ, ಸ್ಟ್ಯಾಂಡಿನಿಂದ ಆಚೆ ಕಡೆ, ಬಟ್ಟೆಯ ಚೀಲ ಬಗಲಲ್ಲಿ ಹಿಡಿದು ಹೋಗುತ್ತಿದ್ದವಳನ್ನು ಕಂಡಿದ್ದನಂತೆ. ಕೈ ಬೀಸಿದನಂತೆ. ಅವಳು ಇವನ ಮುಖವನ್ನೇ ನೆಟ್ಟಗೆ ನೋಡಿ, ಗುರುತಿಲ್ಲದವಳಂತೆ ಮುಂದೆ ಹೋದಳಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಅವನಿಗೂ ಬೈದೆ. ಅಂಬಾಬಾಯಿಗೆ ಹೋದ ಹೆಂಗಸು ಒಂದು ಚಿಟಿಕೆ ಕುಂಕುಮವನ್ನಾದರೂ ತಂದು ಕೊಡುವುದಿಲ್ಲವೇ? ಇವಳು ಇವತ್ತಿನವರೆಗೆ ತಂದಿಲ್ಲ. ಕೊಲ್ಹಾಪುರದಲ್ಲಿ ಬೇರೆ ಅಂಗಡಿಗೆ ಮಾಲು ಕೊಡುತ್ತಾಳೆ, ಅದಕ್ಕೇ ನಮ್ಮವರನ್ನು ಕಂಡರೆ ಕಣ್ಣು ತಪ್ಪಿಸುತ್ತಾಳೆ. ನನಗೆ ಉಳಿದ ಅನುಮಾನವೂ ಹೋಗಿ ನಂಬಿಕೆಯೇ ಬಂದುಬಿಟ್ಟಿತು.

ಆ ಹೊತ್ತಿಗೆ ನನ್ನ ಮಗಳು ರುತುಜಾ ಬಾಣಂತನಕ್ಕೆ ನಮ್ಮ ಮನೆಯಲ್ಲಿದ್ದಳು. ಅವಳನ್ನು ಗಡಹಿಂಗ್ಲಜದ ಗಂಡನ ಮನೆಗೆ ಕಳಿಸುವ ದಿನ ಹತ್ತಿರ ಬಂದಿತ್ತು. ಕೂಸನ್ನು ಕಳಿಸುವಾಗ ತವರಿನಿಂದ ತೊಟ್ಟಿಲು, ಕುಂಚಿಗಿ ಕೊಡುವುದು ನಮ್ಮ ಪದ್ಧತಿ. ಕುಂಚಿಗಿ ಅಂದರೆ ಕೂಸಿನ ತಲೆಯ ಮೇಲೆ ಟೊಪ್ಪಿಗೆಯಾಗಿ ಕೂತು ಬೆನ್ನ ಮೇಲೆ ಇಳಿಬೀಳುವ ಅಂಗಿ. ಖಣದ ಬಟ್ಟೆಯದ್ದು, ಕೊರಳ ಹತ್ತಿರ ನೆರಿಗೆ ಹಿಡಿದದ್ದು. ಕಬನೂರಿನ ಅರ್ಧ ಕೂಸುಗಳು ದುಂಡವ್ವಕ್ಕನ ಕುಂಚಿಗಿಯಲ್ಲಿ ಬೆಳೆದಿವೆ, ರುತುಜಾ ಕೂಡ.

ಇದರಲ್ಲಿ ನಾನೊಂದು ಗಾಳ ಹಾಕಿದೆ. ಕಡುಹಸಿರು ಖಣ, ಅದಕ್ಕೆ ಕಡುಗೆಂಪು ಅಂಚು, ಹಸಿರಿಗೆ ಹಸಿರು ದಾರ, ಅಂಚಿಗೆ ಕೆಂಪು ದಾರ, ಒಳಗೆ ಕೊಡಲು ಮೆತ್ತನೆಯ ಮಲ್ಮಲ್ ಎಲ್ಲವನ್ನೂ ಒಯ್ದು ಅವಳ ಮುಂದಿಟ್ಟು, ಒಂದು ಹನಿ ಗಂಜಿಯನ್ನೂ ಮುಟ್ಟಿಸಬಾರದು ಅಂತ ಹೇಳಿದೆ. ಎಳೆ ಮೈಗೆ ಚುಚ್ಚುತ್ತದೆ, ಮೇಲೆ ಗಂಜಿಯ ವಾಸನೆಗೆ ತೊಟ್ಟಿಲಿಗೆ ಇರುವೆ ಹತ್ತುತ್ತವೆ. ಇದು ಸುಳ್ಳಲ್ಲ. ಆದರೆ ನನಗೆ ಬೇಕಾಗಿದ್ದದ್ದು ಅವಳ ಮುಖ. ಆ ಮುಖ ಇಳಿದುಹೋಯಿತು. ಈಗ ಕೈಯಲ್ಲಿ ಕೆಲಸ ಇದೆ, ಬೇರೆ ಯಾರಿಗಾದರೂ ಕೊಡು ಅಂದಳು. ನನ್ನ ಪರಕಾರದ ಹೊರತು ಯಾವ ಕೆಲಸ ಅಂತ ಕೇಳಿದೆ. ಆಮೇಲೆ ಖಣದ ಮೇಲೆ ಕೈಯಾಡಿಸಿ, ರುತುಜಾಳ ಕೂಸಿಗೆ ಒಲ್ಲೆ ಅನ್ನಲಿಕ್ಕೆ ಬರುವುದಿಲ್ಲ, ಇಟ್ಟುಹೋಗು ಅಂದಳು. ಈ ಕುಂಚಿಗಿಯಲ್ಲಿ ಗಂಜಿ ಸಿಕ್ಕರೆ ಇದೇ ಕೊನೆಯ ಕೆಲಸ ಅಂತ ನಾನು ಬಸ್ಸಿನಲ್ಲಿ ಬರುತ್ತ ನಿಶ್ಚಯ ಮಾಡಿಕೊಂಡೆ.

ಕಳಿಸುವ ಹಿಂದಿನ ದಿನ ಕುಂಚಿಗಿ ಬಂತು. ದುಂಡವ್ವಕ್ಕ ಪೇಪರಿನಲ್ಲಿ ಸುತ್ತಿ, ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದ್ದಳು. ಬಿಚ್ಚಿದರೆ ಬೆಣ್ಣೆಯಷ್ಟು ಮೆತ್ತಗಿತ್ತು. ಬಿಡುತ್ತೇನೆಯೇ? ಕೊರಳಿನ ನೆರಿಗೆಗಳನ್ನು ಬಿಡಿಸಿ, ಹೊಲಿಗೆಯ ಒಳಮಡಿಕೆಯಲ್ಲಿ ಉಗುರು ಹಾಕಿ ತಿಕ್ಕಿದೆ. ಬೇರೆ ಯಾರಿಗೂ ಕಾಣದಷ್ಟು ಬಿಳಿ ಪುಡಿ ನನ್ನ ಉಗುರಿಗೆ ಹತ್ತಿತು. ಗಂಜಿ ಹಾಕಿ, ಹೊಲಿದು, ಆಮೇಲೆ ಒಗೆದು ಕಳಿಸಿದ್ದಾಳೆ! ನನ್ನ ಮೊಮ್ಮಗಳ ಕುಂಚಿಗಿಯಲ್ಲಿ, ಬೇಡ ಅಂದ ಮೇಲೂ. ಚಪ್ಪಲಿ ಮೆಟ್ಟಿಕೊಂಡೆ.

ಆಗ ಬಾಗಿಲ ಬೆಳಕಿಗೆ ಹಿಡಿದ ಕುಂಚಿಗಿಯನ್ನು ಇನ್ನೊಮ್ಮೆ ನೋಡಿದೆ. ಪುಡಿಯ ಭರದಲ್ಲಿ ನಾನು ದಾರ ನೋಡಿರಲೇ ಇಲ್ಲ. ಹಸಿರು ಖಣದ ಮೇಲೆ ಪೂರ್ತಿ ಕೆಂಪು ದಾರ ಓಡಿತ್ತು, ಕೆಂಪು ಅಂಚಿನ ಮೇಲೆ ಪೂರ್ತಿ ಹಸಿರು. ಹೊಲಿಗೆಯ ಟಾಕಿಗಳು ಗೆರೆ ಎಳೆದಷ್ಟು ನೆಟ್ಟಗೆ, ಎಲ್ಲೂ ತಪ್ಪಿಲ್ಲ. ದಾರದ ಉರುಳೆ ಮಾತ್ರ ಅದಲುಬದಲು. ಮೊದಲು, ನನ್ನ ಮೇಲಿನ ಸಿಟ್ಟಿಗೆ ಬೇಕೆಂದೇ ಮಾಡಿದ್ದಾಳೆ ಅನ್ನಿಸಿತು. ಸಿಟ್ಟಿಗೆ ಮಾಡುವವಳು ಇಷ್ಟು ಚಂದ ಯಾಕೆ ಹೊಲಿಯುತ್ತಾಳೆ? ಪರಕಾರಕ್ಕೆ ನಾನು ಪ್ರತಿ ಗಂಟಿಗೆ ಒಂದೇ ಬಣ್ಣದ ದಾರ ಇಟ್ಟು ಕಳಿಸುತ್ತಿದ್ದೆ. ಎರಡು ಬಣ್ಣ ಒಟ್ಟಿಗೆ ಕೊಟ್ಟಿದ್ದು ಇದೇ ಮೊದಲ ಸಲ. ಎದುರಿಗೆ ನಿಂತ ನನ್ನನ್ನು ಯಾರು ಅಂತ ಕೇಳಿದ್ದು, ಕೊಲ್ಹಾಪುರದಲ್ಲಿ ನನ್ನ ಗಂಡನ ಮುಖ ನೋಡಿ ದಾಟಿಹೋದದ್ದು ಒಂದರ ಹಿಂದೆ ಒಂದು ನೆನಪಾದವು. ಮೆಟ್ಟಿದ ಚಪ್ಪಲಿಯಲ್ಲೇ ಬಸ್ಸಿಗೆ ಓಡಿದೆ.

ಕಬನೂರಿಗೆ ಹೋದಾಗ ಅವಳು ಮಶಿನ್ನಿನ ಮುಂದೆಯೇ ಕೂತಿದ್ದಳು. ನನ್ನ ದನಿ ಕೇಳಿದ ಮೇಲೆ ಸರಿತಾ ಬಂದೆಯಾ ಅಂದಳು, ಮೊದಲಲ್ಲ. ಕುಂಚಿಗಿಯನ್ನು ಅವಳ ತೊಡೆಯ ಮೇಲೆ ಇಟ್ಟೆ.

"ಅಕ್ಕಾ, ಈ ಹಸರ ಖಣದ ಮ್ಯಾಲೆ ಹಾಕಿದ ದಾರ ಯಾವ ಬಣ್ಣದ್ದು?"

ಅವಳು ಉತ್ತರ ಕೊಡುವ ಮೊದಲು ಹೊಲಿಗೆಯ ಮೇಲೆ ಬೆರಳು ಆಡಿಸಿದಳು. ಬಣ್ಣ ಬೆರಳಿಗೆ ಹತ್ತುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

"ಹಸರು," ಅಂದಳು.

ನಾನು ಅವಳ ಬೆರಳಿನ ಕೆಳಗಿನ ಕೆಂಪು ದಾರವನ್ನೇ ನೋಡಿದೆ.

"ಅಲ್ಲೇನ?" ಅಂತ ಕೇಳಿದಳು. ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ.

ಆಮೇಲೆ ಎಲ್ಲ ಹೇಳಿದಳು. ಮೋತಿಬಿಂದು, ಅಂದರೆ ಕಣ್ಣಿನ ಪೊರೆ ಇರಬೇಕು, ತೆಗೆಸಿದರಾಯಿತು ಅಂತ ಕೊಲ್ಹಾಪುರದ ಕಣ್ಣಿನ ಡಾಕ್ಟರ ಹತ್ತಿರ ಹೋದಳಂತೆ. ಮೋತಿಬಿಂದು ಅಲ್ಲ, ಕಾಚಬಿಂದು, ಕಣ್ಣಿನ ನರವನ್ನೇ ತಿನ್ನುವ ರೋಗ ಅಂದರಂತೆ. ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇದ್ದಷ್ಟನ್ನು ಉಳಿಸಿಕೊಳ್ಳಲು ಔಷಧ ಹಾಕುತ್ತಿರಬೇಕು. ಗಡಿಗೆಯ ಹಿಂದಿನ ಬಾಟಲಿ ಅದು. ಕಡುಬಣ್ಣಗಳೆಲ್ಲ ಅವಳಿಗೆ ಕಪ್ಪಾಗಿಯೇ ಕಾಣುತ್ತವೆ; ಮುಖಗಳು ಮಸುಕು, ದನಿಯಿಂದಲೇ ಗುರುತು. ಬಸ್ಸಿನ ಬೋರ್ಡು ಯಾವುದು ಅಂತ ಜನರನ್ನು ಕೇಳಿ ಹತ್ತುತ್ತಾಳೆ. ಓದು ಬಾರದವಳು ಕೇಳುತ್ತಾಳೆ ಅಂದುಕೊಳ್ಳುತ್ತಾರೆ, ಯಾರಿಗೂ ಸಂಶಯ ಬರುವುದಿಲ್ಲ. ಬೆಳಿಗ್ಗೆ ಪ್ರಾಜಕ್ತಾ ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಾಳೆ. ವಯಸ್ಸಾದವರ ಮನೆಗಳಲ್ಲೆಲ್ಲ ಅದು ಇದ್ದದ್ದೇ. ಮಧ್ಯದಲ್ಲಿ ದಾರ ಬದಲಿಸಬೇಕಾದರೆ ಹಳೆಯ ದಾರದ ತುದಿಗೆ ಹೊಸದನ್ನು ಗಂಟು ಹಾಕಿ ಎಳೆದುಕೊಳ್ಳುತ್ತಾಳೆ.

ಮತ್ತೆ ಗಂಜಿ? ಅದನ್ನು ಕೇಳಬೇಕಾಗಲಿಲ್ಲ, ಅವಳೇ ಕುಂಚಿಗಿಯ ಅಂಚು ಹಿಡಿದು ಹೇಳಿದಳು.

"ಮೆತ್ತನ ಅರಿವಿ ನನ್ನ ಕೈಯಾಗ ನಿಂದರಂಗಿಲ್ಲ ಸರಿತಾ. ಗಂಜಿ ಹಾಕಿ ಇಸ್ತ್ರಿ ಒತ್ತಿ, ಉಗುರ್ಲೆ ಗೆರಿ ಎಳದ್ರ ಆ ಗೆರಿ ಬೆರಳಿಗೆ ಸಿಗತೈತಿ. ಅದರ ಮ್ಯಾಲೆ ಹೊಲಕೊಂತ ಹೋಗ್ತೇನಿ. ನಿನ್ನ ಬಾಟಲಿ ಗಂಜಿ ಗೆರಿ ಹಿಡ್ಯಂಗಿಲ್ಲ. ಕುಂಚಿಗಿಗೆ ಹಾಕಬಾರದಂತ ಕೂತೆ, ನಿನ್ನಾಣಿ, ಬರಲಿಲ್ಲ. ಹಾಕಿ ಹೊಲದು, ಕೈ ನೋಯೂತನಕ ಒಗದೇನಿ. ಕೂಸಿಗೆ ಚುಚ್ಚಂಗಿಲ್ಲ, ನೋಡು ಬೇಕಾದ್ರ."

ನೋಡುವುದೇನಿತ್ತು? ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ತಿಳಿಯದೆ ಇನ್ನಷ್ಟು ಬಂತು. ಮಗನಿಗೆ ಯಾಕೆ ಹೇಳಲಿಲ್ಲ ಅಂತ ಗದರಿಸಿದೆ. ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಕೇತನಗ ಹೇಳಬ್ಯಾಡವಾ. ಕಣ್ಣ ಹೋಗ್ಯಾವಂತ ತಿಳದ್ರ ಮಶಿನ್ ಎತ್ತಿಡತಾನ. ಪ್ರೀತಿಲೇನ ಎತ್ತಿಡತಾನ, ಅವಾ ಕೆಟ್ಟಾವಲ್ಲ. ಆದ್ರ ಮಶಿನ್ ಹೋತಂದ್ರ ನಾ ಈ ಮನ್ಯಾಗ ಬರೇ ಉಣ್ಣಾಕಿ ಆಗ್ತೇನಿ."

ಹೊರಗೆ ಗಾಡಿ ನಿಂತ ಸದ್ದಾಯಿತು. ದುಂಡವ್ವಕ್ಕ ಕೈ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟೆ ಹಿಡಿದು ಕೂತಳು. ಪಾಳಿ ಮುಗಿಸಿ ಬಂದ ಕೇತನ ಚಪ್ಪಲಿ ಬಿಡುತ್ತ ನನ್ನನ್ನು ನೋಡಿದ. ಗಂಜಿಯ ತಕರಾರಿನ ಸುದ್ದಿ ಅವನ ಕಿವಿಗೂ ಬಿದ್ದಿತ್ತಂತೆ. ಏನು ಮಾವಶಿ, ಪರಕಾರದ ಸಲುವಾಗಿ ಬಂದಿರಾ ಅಂತ ಕೇಳಿದ. ದುಂಡವ್ವಕ್ಕನ ಬೆರಳು ಬಟ್ಟೆಯ ಮೇಲೆ ನಿಂತುಬಿಟ್ಟಿತು.

"ಗಂಜಿ ಹಾಕಂತ ಹೇಳಿದಾಕಿ ನಾನ," ಅಂದೆ. "ನನ್ನ ಗಿರಾಕಿಗೆ ಕಡಕ್ ಬೇಕು. ಒಬ್ಬಾಕಿ ಒದರ್ಯಾಳಂತ ಬಿಡಾಕ ಬರತೈತೇನ?"

ಅಪ್ಪಣ್ಣನ ಮಗಳು, ಖಳದ ಪರವಾಗಿ, ಅದೂ ಅಷ್ಟು ಜೋರಾಗಿ! ನನ್ನ ಗಂಡ ಕೇಳಿದ್ದರೆ ನಂಬುತ್ತಿರಲಿಲ್ಲ. ಕೇತನ ಮಾತ್ರ ಏನೂ ವಾದ ಮಾಡದೆ ಆತ್ರಿ ಅಂದ. ಆಮೇಲೆ ಅವ್ವನ ತೊಡೆಯ ಮೇಲಿದ್ದ ಕುಂಚಿಗಿಯನ್ನು ಎತ್ತಿ ಬೆಳಕಿಗೆ ಹಿಡಿದ. ಹಸಿರಿನ ಮೇಲೆ ಕೆಂಪು ದಾರ ದೂರಕ್ಕೂ ಕಾಣುತ್ತಿತ್ತು.

"ಭಾಳ ಚಂದ ಆಗೇತಿ ಅವ್ವಾ," ಅಂದ. "ದಾರ ಬರೋಬ್ಬರಿ ಕೂಡೇತಿ."

ಅವಳ ಮುಖ ಅರಳಿತು. ನನಗೆ ಮಾತ್ರ ಹಳೆಯ ಚಾಳಿ ಕೆರಳಿತು. ಮಗ್ಗದಲ್ಲಿ ಒಂದು ಎಳೆ ತಪ್ಪಿದರೆ ದೂರದಿಂದ ಹಿಡಿಯುವ ಹುಡುಗ ಇವನು. ಇವನ ಕಣ್ಣಿಗೆ ಏನಾಗಿದೆ?

ಕುಂಚಿಗಿ ತೆಗೆದುಕೊಂಡು ಹೊರಟೆ. ಕೇತನ ಬಸ್ ಸ್ಟಾಪಿನವರೆಗೆ ಬಿಡುತ್ತೇನೆ ಅಂತ ಗಾಡಿ ತೆಗೆದ. ಬಾಗಿಲು ದಾಟಿ ಬೀದಿಗೆ ಬಂದ ಮೇಲೆ, ಪ್ರಾಜಕ್ತಾಳ ಹೊಲಿಗೆ ಎಲ್ಲಿಯವರೆಗೆ ಬಂತು ಅಂತ ಕೇಳಿದೆ. ಅವನು ಗಾಡಿಯ ಕೀಲಿ ಕೈಯಲ್ಲಿ ತಿರುಗಿಸುತ್ತ ಖೋಲಿಯ ಬಾಗಿಲಿನ ಕಡೆ ಒಮ್ಮೆ ನೋಡಿದ.

"ಅಕಿ ಮಶಿನ್ ಮುಟ್ಟಂಗಿಲ್ರಿ ಮಾವಶಿ. ಅಂಜತಾಳ."

ಮಗ್ಗದ ಸದ್ದು ಬೀದಿಯ ತುಂಬ ಇತ್ತು, ಅದರಲ್ಲೇ ಸಣ್ಣ ದನಿಯಲ್ಲಿ ಹೇಳಿದ. ಒಮ್ಮೆ ಅವ್ವ ಬೆರಳಿಗೆ ಪಟ್ಟಿ ಕಟ್ಟಿಕೊಂಡು, ಈಳಿಗೆ ತಾಗಿತು ಅಂದಿದ್ದಳಂತೆ. ಅವನು ಮಶಿನ್ ನೋಡಿದರೆ ಸೂಜಿ ಮುರಿದಿತ್ತು. ಸೂಜಿ ಅವ್ವನ ಬೆರಳಿಗೆ ಹೊಡೆದೇ ಮುರಿದದ್ದು ಅಂತ ತಿಳಿಯಲು ಜಾಬರನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಮರುದಿನವೇ ಫಣಿಯ ತಂತಿ ತಂದು ಬಗ್ಗಿಸಿದ. ಸಾಬುದಾಣಿಯ ಡಬ್ಬಿ ಬರಿದಾಗದಂತೆ ನೋಡಿಕೊಳ್ಳುವುದು ಪ್ರಾಜಕ್ತಾಳ ಕೆಲಸ. ಮೊಬೈಲಿನವನಿಗೆ ಇನ್ನೊಮ್ಮೆ ಈ ಬಾಗಿಲಿಗೆ ಬರಬೇಡ ಅಂತ ಹೇಳಿಯಾಗಿದೆ. ಅವ್ವ ಅಂಬಾಬಾಯಿಗೆ ಅಂತ ಹೊರಟರೆ ಹುಷಾರಾಗಿ ಹೋಗಿ ಬಾ ಅಂತಾನೆ, ಪಾಳಿ ಬದಲಿಸಿಕೊಂಡು ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ತಾನೂ ಕೂತು ಹೋಗಿ ಬರುತ್ತಾನೆ. ಅವಳಿಗೆ ಕಾಣುವುದಿಲ್ಲ.

"ಅವ್ವಗ ಹೇಳಬ್ಯಾಡ್ರಿ," ಅಂದ. "ನಮಗ ಗೊತ್ತೈತಿ ಅಂತ ತಿಳದ್ರ, ತಾನ ಮಶಿನ್ ಮುಚ್ಚಿ ಏಳತಾಳ."

ಒಳಗೆ ಮಶಿನ್ ಓಡತೊಡಗಿತು. ಹೇಳಬೇಡ ಅಂತ ತಾಯಿ ಮಗ ಇಬ್ಬರೂ ಅದೇ ಮಾತನ್ನು ನನಗೆ ಹೇಳಿದ್ದರು, ಯಾರನ್ನೂ ನಂಬದ ನನಗೆ. ನಾನು ಗಾಡಿಯ ಮೇಲೆ ಅವನ ಹಿಂದೆ ಕೂತು ಅತ್ತೆ. ಮಗ್ಗದ ಸದ್ದಿಗೆ ಅವನಿಗೆ ಕೇಳಿಸಿರಲಿಕ್ಕಿಲ್ಲ.

ಮರುದಿನ ತೊಟ್ಟಿಲು, ಮಗಳು, ಕೂಸು ಎಲ್ಲರನ್ನೂ ಗಡಹಿಂಗ್ಲಜಕ್ಕೆ ಮುಟ್ಟಿಸಿದೆ. ಬೀಗಿತ್ತಿ ಸಾವಕ್ಕ ನನ್ನ ಹಾಗೆಯೇ ತಿಕ್ಕಿ ನೋಡುವ ಪೈಕಿ. ಕುಂಚಿಗಿಯನ್ನು ಹಿಂದೆ ಮುಂದೆ ತಿರುಗಿಸಿ, ಮ್ಯಾಚಿಂಗ್ ಸೆಂಟರಿನವರ ಮನೆಯಲ್ಲಿ ಹಸಿರಿಗೆ ಹಸಿರು ದಾರ ಸಿಗಲಿಲ್ಲವೇ ಅಂತ ಎಲ್ಲರ ಮುಂದೆ ಕೇಳಿದಳು. ಈಗ ಹೀಗೇ ಹೊಲಿಸುತ್ತಾರೆ, ಇದಕ್ಕೆ ಕಾಂಟ್ರಾಸ್ಟ್ ಅಂತಾರೆ, ಬಣ್ಣದ ಮಾತು ನನಗೆ ಬಿಡಿ ಅಂದೆ. ಅವಳು ನನ್ನ ಮುಖವನ್ನು ಸಂಶಯದಿಂದ ನೋಡಿದಳು. ನಾನೂ ಅವಳನ್ನು ನೆಟ್ಟಗೆ ನೋಡಿದೆ. ಆಮೇಲೆ ಕುಂಚಿಗಿಯನ್ನು ಅವಳ ಕೈಯಿಂದ ತೆಗೆದುಕೊಂಡು ಕೂಸಿಗೆ ಕಟ್ಟಿದೆ. ಕೂಸು ಒಮ್ಮೆ ತಲೆ ಹೊರಳಿಸಿ, ಕೆನ್ನೆಯನ್ನು ಹೊಲಿಗೆಯ ಮೇಲೆ ಇಟ್ಟುಕೊಂಡು ನಿದ್ದೆ ಹೋಯಿತು.